ಪತ್ತೇದಾರಿ ಓದು ಎಲ್ಲಿಂದ ಶುರು ಮಾಡಬೇಕು? ತುಮಕೂರಿನ ಓದುಗರಿಗೆ ಹಂತ ಹಂತದ ದಾರಿ

‘ಪತ್ತೇದಾರಿ ಪುಸ್ತಕ ಓದಬೇಕು ಅನ್ನಿಸಿದೆ, ಯಾವುದರಿಂದ ಶುರು ಮಾಡಲಿ?’ ‘ಕನ್ನಡದಲ್ಲಿ ಒಳ್ಳೇದು ಯಾವುದಿದೆ?’ ‘ನಮ್ಮ ತುಮಕೂರಲ್ಲಿ ಎಲ್ಲಿ ಸಿಗುತ್ತದೆ?’ ಈ ಮೂರು ಪ್ರಶ್ನೆ ಬರುವುದು ನಿಂತೇ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ಓದಿನ ಅಭ್ಯಾಸ ತಪ್ಪಿಹೋದವರಿಗೂ ಇದು ಆಗುತ್ತದೆ, ಯಾಕೆಂದರೆ ಬಿಟ್ಟುಹೋದ ಓದನ್ನು ಮತ್ತೆ ಹಿಡಿಸುವುದಕ್ಕೆ ಒಂದು ಒಳ್ಳೆ ಕೊಲೆ ರಹಸ್ಯದಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೆ ಯಾವುದೂ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪತ್ತೇದಾರಿ ಅಂದರೆ ಟೈಂಪಾಸ್, ಸಾಹಿತ್ಯ ಅಲ್ಲ ಅನ್ನುವ ಮಾತು ನಮ್ಮಲ್ಲಿ ಬಹಳ ಕಾಲದಿಂದ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಬರೆದದ್ದನ್ನು ಗಮನ ಇಟ್ಟು ಓದುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಬರವಣಿಗೆ ಇನ್ನೊಂದಿಲ್ಲ. ಅದಕ್ಕೇ ಇದನ್ನು ಸರಿಯಾದ ಕ್ರಮದಲ್ಲಿ ಓದಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಒಂದು ಲೈಬ್ರರಿ ಕಾರ್ಡ್, ಒಂದು ಪೆನ್ಸಿಲ್, ಒಂದು ತುಂಡು ಕಾಗದ. ಬಸ್ ಟಿಕೆಟ್ಟಿನ ಹಿಂಭಾಗ ಆದರೂ ಸಾಕು. ಜೊತೆಗೆ ದಿನಕ್ಕೆ ಅರ್ಧ ಗಂಟೆ, ಫೋನ್ ಪಕ್ಕಕ್ಕಿಟ್ಟು.

ಹಂತ 1: ನಿಮಗೆ ಯಾವ ಬಗೆ ಇಷ್ಟ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

‘ಕ್ರೈಂ ಕಾದಂಬರಿ’ ಅನ್ನುವ ಒಂದೇ ಹೆಸರಿನ ಕೆಳಗೆ ನಾಲ್ಕೈದು ಬೇರೆ ಬೇರೆ ಸರಕು ಇದೆ. ಇದು ಗೊತ್ತಿಲ್ಲದೆ ಪುಸ್ತಕ ಎತ್ತಿಕೊಂಡು, ಐವತ್ತು ಪುಟಕ್ಕೇ ಬಿಟ್ಟು, ‘ನನಗೆ ಇದು ಆಗಲ್ಲ’ ಅನ್ನುವವರು ಬಹಳ ಜನ.

ಪತ್ತೇದಾರಿ ಅಂದರೆ ಅಪರಾಧ ಮೊದಲೇ ಆಗಿಹೋಗಿರುತ್ತದೆ, ಯಾರು ಮಾಡಿದ್ದು ಅಂತ ಕೊನೆಗೆ ತಿಳಿಯುತ್ತದೆ. ಥ್ರಿಲ್ಲರ್‌ನಲ್ಲಿ ಮಾಡಿದವನು ಯಾರು ಅಂತ ಎಷ್ಟೋ ಸಲ ಮೊದಲೇ ಗೊತ್ತಿರುತ್ತದೆ, ಮುಂದೇನು ಅನ್ನುವುದೇ ಅಲ್ಲಿ ಮುಖ್ಯ. ಪೊಲೀಸ್ ತನಿಖೆಯ ಕಥೆಗಳಲ್ಲಿ ಒಬ್ಬ ಬುದ್ಧಿವಂತ ಬರುವುದಿಲ್ಲ, ಠಾಣೆ ಬರುತ್ತದೆ. ಅಲ್ಲಿನ ಕೆಲಸ, ಕಾಗದ ಪತ್ರ, ಮೇಲಿನವರ ಒತ್ತಡ ಎಲ್ಲ ಕಥೆಯ ಭಾಗ. ಇನ್ನೊಂದು ಬಗೆ ನಿಜ ಘಟನೆಗಳ ಬರಹ, ಅದನ್ನು ಟ್ರೂ ಕ್ರೈಂ ಅನ್ನುತ್ತಾರೆ. ಅದರಲ್ಲಿ ಸತ್ತವರು ನಿಜವಾದ ಜನ, ಅವರ ಮನೆಯವರು ಇನ್ನೂ ಇದ್ದಾರೆ. ಈ ಎಚ್ಚರ ಓದುವವರಿಗೂ ಇರಬೇಕು, ಬರೆಯುವವರಿಗೂ ಇರಬೇಕು.

ನಿಮಗೆ ಒಗಟು ಬಿಡಿಸುವುದು ಇಷ್ಟವಾ, ಎದೆ ಡವಡವ ಅನ್ನಬೇಕಾ, ಊರು ಮತ್ತು ಜನ ಹೇಗಿದ್ದಾರೆ ಅಂತ ನೋಡಬೇಕಾ? ಇದಕ್ಕೆ ಉತ್ತರ ಕೊಟ್ಟುಕೊಂಡರೆ ಅರ್ಧ ಆಯ್ಕೆ ಆದಹಾಗೆ.

ಹಂತ 2: ಸಣ್ಣ ಕಥೆಯಿಂದ ಶುರು ಮಾಡಿ

ನೇರವಾಗಿ ದಪ್ಪ ಕಾದಂಬರಿಗೆ ಕೈ ಹಾಕಬೇಡಿ. ದಿನಾ ತುಮಕೂರಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಇದು ಇನ್ನೂ ಅನುಕೂಲ. ಕ್ಯಾತ್ಸಂದ್ರ ದಾಟಿದ ಮೇಲೆ ಶುರು ಮಾಡಿದ ಒಂದು ಕಥೆ ಯಶವಂತಪುರ ಬರುವಷ್ಟರಲ್ಲಿ ಮುಗಿಯುತ್ತದೆ. ಸೀಟು ಸಿಕ್ಕರೆ ಎರಡು.

ಷರ್ಲಾಕ್ ಹೋಮ್ಸ್ ಕಥೆಗಳೇ ಮೊದಲ ಮೆಟ್ಟಿಲು. ಆರ್ಥರ್ ಕಾನನ್ ಡಾಯ್ಲ್ ಬರೆದದ್ದು 56 ಸಣ್ಣ ಕಥೆ, 4 ಕಾದಂಬರಿ. ಮೊದಲ ಕಾದಂಬರಿ ಬಂದದ್ದು 1887ರಲ್ಲಿ. ಆದರೆ ನೀವು ಅದರಿಂದ ಶುರು ಮಾಡಬೇಡಿ, ಅದರ ನಡುವೆ ಒಂದು ದೊಡ್ಡ ಹಿನ್ನೆಲೆ ಕಥೆ ಬಂದು ಹೊಸಬರಿಗೆ ದಾರಿ ತಪ್ಪುತ್ತದೆ. 1891ರ ‘ದಿ ರೆಡ್ ಹೆಡೆಡ್ ಲೀಗ್’ ಕಥೆಯಿಂದ ಶುರು ಮಾಡಿ. ತಲೆಕೂದಲು ಕೆಂಪಗಿದೆ ಅನ್ನುವ ಒಂದೇ ಕಾರಣಕ್ಕೆ ಒಬ್ಬನಿಗೆ ಕೆಲಸ ಸಿಗುತ್ತದೆ. ಕೆಲಸ ಏನು? ದಿನಾ ಕೂತು ವಿಶ್ವಕೋಶವನ್ನು ಕೈಯಲ್ಲಿ ನಕಲು ಮಾಡುವುದು. ಅದಕ್ಕೆ ವಾರಕ್ಕೆ ನಾಲ್ಕು ಪೌಂಡ್ ಸಂಬಳ. ಯಾಕೆ? ಇಷ್ಟು ಸಾಕು, ಮುಂದಿನದ್ದು ನೀವೇ ಓದಿ. ಹೋಮ್ಸ್ ಕಥೆಗಳಿಗೆ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದ ಬಂದಿವೆ. ಕೊಳ್ಳುವ ಮೊದಲು ಒಂದು ಪುಟ ಓದಿ ನೋಡಿ, ಮಾತು ಸಲೀಸಾಗಿ ಓಡಿದರೆ ತೆಗೆದುಕೊಳ್ಳಿ.

ನಮ್ಮ ದೇಶದ್ದೇ ಬೇಕು ಅಂದರೆ ಬಂಗಾಳಿ ಕಡೆ ಹೋಗಿ. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ ಬಕ್ಷಿ 1932ರಲ್ಲಿ ಹುಟ್ಟಿದವನು, 1993ರಲ್ಲಿ ದೂರದರ್ಶನಕ್ಕೂ ಬಂದ. ಸತ್ಯಜಿತ್ ರೇ ಅವರ ಫೆಲೂದಾ 1965ರಿಂದ. ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಫೆಲೂದಾ ಕೊಡಿ, ರಕ್ತಪಾತ ಕಮ್ಮಿ, ಊರೂರು ಸುತ್ತುವುದು ಜಾಸ್ತಿ.

ಹಂತ 3: ನಾಲ್ಕೈದು ಪದ ಗೊತ್ತಿರಲಿ

ಈ ಪದಗಳು ವಿಮರ್ಶೆಗಳಲ್ಲಿ, ಪುಸ್ತಕದ ಹಿಂಬದಿಯಲ್ಲಿ ಬರುತ್ತಲೇ ಇರುತ್ತವೆ. ಅಲಿಬಿ ಅಂದರೆ ಘಟನೆ ನಡೆದ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ ಅನ್ನುವುದಕ್ಕೆ ಆಧಾರ. ರೆಡ್ ಹೆರಿಂಗ್ ಅಂದರೆ ಓದುಗನ ಗಮನ ಬೇರೆಯವರ ಮೇಲೆ ತಿರುಗಿಸಲು ಬೇಕು ಅಂತಲೇ ಇಟ್ಟ ಸುಳಿವು. ಲಾಕ್ಡ್ ರೂಂ ಅಂದರೆ ಒಳಗಿಂದ ಚಿಲಕ ಹಾಕಿದ ಕೋಣೆಯಲ್ಲಿ ಕೊಲೆ, ಕೊಂದವನು ಹೊರಗೆ ಹೋದದ್ದು ಹೇಗೆ ಅನ್ನುವ ಒಗಟು. ಸ್ಪಾಯ್ಲರ್ ಅಂದರೆ ಓದುವ ಮೊದಲೇ ಗುಟ್ಟು ಬಿಟ್ಟುಕೊಡುವ ಮಾತು.

ಇನ್ನೊಂದು ‘ಫೇರ್ ಪ್ಲೇ’. ಪತ್ತೇದಾರನಿಗೆ ಸಿಕ್ಕ ಸುಳಿವೆಲ್ಲ ಓದುಗನಿಗೂ ಸಿಗಬೇಕು ಅನ್ನುವ ಒಪ್ಪಂದ ಇದು. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಇದಕ್ಕೆ ಹತ್ತು ನಿಯಮ ಬರೆದರು. ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು, ಪತ್ತೇದಾರನೇ ಅಪರಾಧಿ ಆಗಬಾರದು, ಮುಂಚೆ ಹೇಳದೆ ಕೊನೆಗೆ ಅವಳಿ ಅಣ್ಣತಮ್ಮನನ್ನು ತಂದು ನಿಲ್ಲಿಸಬಾರದು, ಹೀಗೆ. ನಾಕ್ಸ್ ಪಾದ್ರಿ ಆಗಿದ್ದವರು, ಅವರೂ ಪತ್ತೇದಾರಿ ಬರೆಯುತ್ತಿದ್ದರು. ಈ ನಿಯಮ ಮುರಿದೂ ಗೆದ್ದ ಕಾದಂಬರಿಗಳಿವೆ, ಆದರೆ ಮುರಿದದ್ದರ ಸೊಗಸು ಗೊತ್ತಾಗಬೇಕಾದರೆ ಮೊದಲು ನಿಯಮ ಗೊತ್ತಿರಬೇಕು ಅಲ್ವಾ.

ನಮ್ಮ ಕಥೆಗಳಿಗೆ ಬೇಕಾದ ಠಾಣೆ, ಕೋರ್ಟಿನ ಪದಗಳೂ ಇವೆ. ಮಹಜರು ಅಂದರೆ ಪಂಚರ ಎದುರು ಸ್ಥಳದಲ್ಲೇ ಬರೆದುಕೊಳ್ಳುವ ದಾಖಲೆ. ಯುಡಿಆರ್ ಅಂದರೆ ಅಸಹಜ ಸಾವಿನ ವರದಿ, ಕೊಲೆ ಅಂತ ಇನ್ನೂ ಗೊತ್ತಾಗದಿದ್ದಾಗ ಮೊದಲು ದಾಖಲಾಗುವುದು ಇದೇ. ಹಳೆ ಕಾದಂಬರಿಗಳಲ್ಲಿ ಕೊಲೆ ಅಂದರೆ ‘302’ ಅಂತ ಓದುತ್ತೀರಿ, ಅದು ಹಳೆ ದಂಡ ಸಂಹಿತೆಯ (ಐಪಿಸಿ) ಕಲಂ ನಂಬರ್. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಅದು 103. ಆಮೇಲೆ ನಡೆದ ಕೊಲೆಯ ಕಥೆಯಲ್ಲಿ ಇನ್ಸ್‌ಪೆಕ್ಟರು ಇನ್ನೂ 302 ಹಾಕುತ್ತಿದ್ದರೆ ಲೇಖಕರು ಮನೆಪಾಠ ಮಾಡಿಲ್ಲ ಅಂತ ಅರ್ಥ.

ಇದಕ್ಕಿಂತ ದೊಡ್ಡದು ಒಂದಿದೆ. ಪೊಲೀಸರ ಮುಂದೆ ‘ನಾನೇ ಮಾಡಿದೆ’ ಅಂತ ಆರೋಪಿ ಒಪ್ಪಿಕೊಂಡದ್ದನ್ನು ನಮ್ಮ ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿಯಾಗಿ ಬಳಸುವ ಹಾಗಿಲ್ಲ. ಹಳೆ ಸಾಕ್ಷ್ಯ ಕಾಯ್ದೆಯಲ್ಲೂ ಇದೇ ಇತ್ತು, ಈಗಲೂ ಇದೇ ಇದೆ. ಕೊನೆ ಪುಟದಲ್ಲಿ ಠಾಣೆಯಲ್ಲಿ ಕೂತು ಕೊಲೆಗಾರ ಉದ್ದಕ್ಕೆ ಎಲ್ಲವನ್ನೂ ಹೇಳಿಬಿಟ್ಟು ಕಥೆ ಮುಗಿಯುವ ಕಾದಂಬರಿ ಓದುವಾಗ ‘ಆಧಾರ ಎಲ್ಲಿ?’ ಅಂತ ಕೇಳಿಕೊಳ್ಳಿ. ಒಳ್ಳೆ ಲೇಖಕರು ಆ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟಿರುತ್ತಾರೆ.

ಹಂತ 4: ಸುಳಿವು ಹಿಡಿಯುವುದನ್ನು ಕಲಿಯಿರಿ

ಬಹಳ ಜನ ಓಡಿಸಿಕೊಂಡು ಓದುತ್ತಾರೆ, ಕೊನೆಗೆ ‘ಅಯ್ಯೋ ಇವನಾ’ ಅಂತ ಪುಸ್ತಕ ಮುಚ್ಚುತ್ತಾರೆ. ಅದರಲ್ಲಿ ಅರ್ಧ ಖುಷಿ ಮಾತ್ರ ಇದೆ. ಸುಳಿವು ಹೇಗೆ ಕೂತಿರುತ್ತದೆ ಅಂತ ನೋಡೋಣ, ಒಂದು ಉದಾಹರಣೆ ಕಟ್ಟುತ್ತೇನೆ.

ಗುಬ್ಬಿ ಕಡೆಯ ಒಂದು ಹಳ್ಳಿ, ತೋಟದ ಮನೆಯಲ್ಲಿ ಕೊಲೆ. ಮೊದಲ ಅಧ್ಯಾಯದಲ್ಲಿ ಪಕ್ಕದ ತೋಟದ ಅಜ್ಜಿ ಅಡಕೆ ಸುಲಿಯುತ್ತಾ ಗೊಣಗುತ್ತಾಳೆ: ‘ಈ ವಾರ ಕರೆಂಟು ಹಗಲು ಪಾಳಿ ಕಣಪ್ಪ, ಉರಿ ಬಿಸಿಲಲ್ಲಿ ನೀರು ಕಟ್ಟಬೇಕು.’ ಆಮೇಲೆ ಕೊಲೆ, ಗಲಾಟೆ, ಆಸ್ತಿ ಜಗಳ, ಮಹಜರು. ಅಜ್ಜಿ ಮರೆತೇಹೋಗುತ್ತಾಳೆ. ನಾಲ್ಕನೇ ಅಧ್ಯಾಯದಲ್ಲಿ ಸತ್ತವನ ಭಾವಮೈದ ಹೇಳುತ್ತಾನೆ: ‘ರಾತ್ರಿ ಹತ್ತು ಗಂಟೆಗೆ ಬೋರ್ ಮೋಟರ್ ಹಾಕೋಕೆ ಹೋಗಿದ್ದೆ ಸಾರ್, ತೆಂಗಿಗೆ ನೀರು ಬಿಟ್ಟು ಹನ್ನೆರಡಕ್ಕೆ ಮನೆಗೆ ಬಂದೆ.’ ಇನ್ಸ್‌ಪೆಕ್ಟರು ತಲೆ ಆಡಿಸಿ ಮುಂದಿನವರನ್ನು ಕರೆಯುತ್ತಾರೆ.

ಹಳ್ಳಿ ಗೊತ್ತಿದ್ದವರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ಬೋರ್‌ವೆಲ್ ಮೋಟರಿಗೆ ತ್ರೀ ಫೇಸ್ ಕರೆಂಟ್ ಬೇಕು, ಅದು ಪಾಳಿಯ ಮೇಲೆ ಬರುತ್ತದೆ. ಆ ವಾರ ಹಗಲು ಪಾಳಿ ಆಗಿದ್ದರೆ ರಾತ್ರಿ ಹತ್ತಕ್ಕೆ ಮೋಟರ್ ಓಡಿದ್ದು ಹೇಗೆ? ಅವನ ಅಲಿಬಿ ಬಿತ್ತು. ಲೇಖಕರು ಮೋಸ ಮಾಡಿಲ್ಲ, ಅಜ್ಜಿಯ ಬಾಯಲ್ಲಿ ಮೊದಲೇ ಹೇಳಿಸಿದ್ದಾರೆ.

ಆದರೆ ನಿಲ್ಲಿ. ಸುಳ್ಳು ಹೇಳಿದ್ದಾನೆ ಅಂದ ಮಾತ್ರಕ್ಕೆ ಕೊಂದವನು ಅವನೇ ಅಂತ ಆಗುವುದಿಲ್ಲ. ಆ ರಾತ್ರಿ ಅವನು ಇಸ್ಪೀಟ್ ಆಡುವುದಕ್ಕೆ ಹೋಗಿರಬಹುದು, ಹೆಂಡತಿಗೆ ಗೊತ್ತಾಗಬಾರದು ಅಂತ ಸುಳ್ಳು ಹೇಳಿರಬಹುದು. ಹಾಗಿದ್ದರೆ ಅದೇ ರೆಡ್ ಹೆರಿಂಗ್. ಹೊಸ ಓದುಗರು ಬೀಳುವುದು ಇಲ್ಲೇ, ಮೊದಲ ಸುಳ್ಳು ಸಿಕ್ಕ ತಕ್ಷಣ ತೀರ್ಪು ಕೊಟ್ಟುಬಿಡುತ್ತಾರೆ.

ಅದಕ್ಕೇ ಪೆನ್ಸಿಲ್ ಮತ್ತು ಕಾಗದ. ಪಾತ್ರಗಳ ಹೆಸರು, ಯಾರಿಗೆ ಯಾರು ಏನಾಗಬೇಕು, ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದೆ ಅಂದರು, ಇಷ್ಟು ಬರೆದುಕೊಳ್ಳಿ. ಕಥೆಗೆ ಸಂಬಂಧವೇ ಇಲ್ಲ ಅನ್ನಿಸುವ ಮಾತು, ಅಡುಗೆಯದ್ದೋ ಹವೆಯದ್ದೋ ಕರೆಂಟಿನದ್ದೋ, ಬಂದರೆ ಪುಟದ ನಂಬರ್ ಗುರುತು ಹಾಕಿ. ಲೈಬ್ರರಿ ಪುಸ್ತಕದ ಮೇಲೆ ಮಾತ್ರ ಬರೆಯಬೇಡಿ. ಯಾರೋ ಹಿಂದೆ ಓದಿದವರು ಹನ್ನೆರಡನೇ ಪುಟದ ಅಂಚಿನಲ್ಲಿ ‘ಇವನೇ ಕೊಲೆಗಾರ’ ಅಂತ ಬರೆದಿಟ್ಟರೆ ನಿಮಗೆ ಹೇಗಾಗುತ್ತದೆ ಹೇಳಿ.

ಹಂತ 5: ಕನ್ನಡದಲ್ಲಿ ಯಾರನ್ನು ಓದಬೇಕು

ಎನ್. ನರಸಿಂಹಯ್ಯ ಅವರ ಹೆಸರಿನಿಂದಲೇ ಶುರು ಮಾಡಬೇಕು. ಚಿಕ್ಕಮಗಳೂರಿನಲ್ಲಿ ಹುಟ್ಟಿದವರು, ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸ್‌ವರೆಗೆ, ಬರೆದದ್ದು 500ಕ್ಕೂ ಜಾಸ್ತಿ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಹೆಸರು ನಿಮ್ಮ ಅಜ್ಜ ಅಜ್ಜಿಯರ ಮುಂದೆ ಹೇಳಿ ನೋಡಿ, ಆ ಕಾಲದಲ್ಲಿ ಓದುತ್ತಿದ್ದವರಾಗಿದ್ದರೆ ಅವರೇ ಮುಂದಿನ ಕಥೆ ಹೇಳುತ್ತಾರೆ. ಕನ್ನಡ ಓದುವ ರೂಢಿಯನ್ನು ಸಾಮಾನ್ಯ ಜನರ ಕೈಗೆ ಕೊಟ್ಟವರು ಇವರು. ಅವರಿಗೆ ಸಿಗಬೇಕಾದ ಗೌರವ ಪೂರ್ತಿ ಸಿಕ್ಕಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇವರನ್ನು ಓದುವಾಗ ಒಂದು ವಿಷಯ ನೆನಪಿಡಿ: ಸಣ್ಣ ಪುಸ್ತಕ, ಓಟ ಜೋರು, ಒಂದೇ ಕೂತಲ್ಲಿ ಮುಗಿಸಲು ಬರೆದದ್ದು. ಇಂಗ್ಲೆಂಡಿನ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿಯ ಅಳತೆಗೋಲು ಹಿಡಿದು ಅಳೆಯಬೇಡಿ.

ಅದೇ ಕಾಲದ ಇನ್ನೊಬ್ಬರು ಮ. ರಾಮಮೂರ್ತಿ. ನವೆಂಬರ್‌ನಲ್ಲಿ ನಾವೆಲ್ಲ ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಕನ್ನಡ ಹೋರಾಟಗಾರರು. ಅವರು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಟಿ.ಕೆ. ರಾಮರಾವ್ ಅಂದರೆ ಎಲ್ಲರಿಗೂ ‘ಬಂಗಾರದ ಮನುಷ್ಯ’ ನೆನಪಾಗುತ್ತದೆ, 1972ರ ಸಿನಿಮಾಕ್ಕೆ ಮೂಲ ಅವರ ಕಾದಂಬರಿ. ಆದರೆ ರಹಸ್ಯ, ಕುತೂಹಲ ಇಟ್ಟುಕೊಂಡು ಬರೆಯುವುದರಲ್ಲಿ ಅವರ ಕೈ ಬಹಳ ಪಳಗಿದ್ದು. ಮನೆ, ಸಂಸಾರ, ಹಳೆ ಗುಟ್ಟು ಇಷ್ಟಪಡುವವರಿಗೆ ಇವರು ಸರಿ.

ಇನ್ನು ಪೂರ್ಣಚಂದ್ರ ತೇಜಸ್ವಿ. ‘ಜುಗಾರಿ ಕ್ರಾಸ್’ ಓದದೆ ಕನ್ನಡದಲ್ಲಿ ಥ್ರಿಲ್ಲರ್ ಇಲ್ಲ ಅನ್ನಬೇಡಿ. ಸುರೇಶ, ಗೌರಿ ಅನ್ನುವ ಗಂಡ ಹೆಂಡತಿ ಏಲಕ್ಕಿ ಮಾರಲು ಹೊರಡುತ್ತಾರೆ, ಒಂದು ದಿನದ ಒಳಗೆ ಏನೇನೋ ಆಗಿಹೋಗುತ್ತದೆ. ‘ಚಿದಂಬರ ರಹಸ್ಯ’ 1985ರದ್ದು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲೂ ಒಂದು ಸಾವಿದೆ, ತನಿಖೆಗೆ ಬಂದ ಗುಪ್ತಚರ ಅಧಿಕಾರಿ ಇದ್ದಾನೆ, ಏಲಕ್ಕಿ ಬೆಳೆ ಯಾಕೆ ಹಾಳಾಗುತ್ತಿದೆ ಅನ್ನುವ ಪ್ರಶ್ನೆಯೂ ಇದೆ. ಎಚ್ಚರಿಕೆ ಒಂದೇ: ಎಲ್ಲ ಗಂಟೂ ಕೊನೆಗೆ ಬಿಚ್ಚಿಕೊಳ್ಳಬೇಕು ಅಂತ ಕಾಯಬೇಡಿ. ತೇಜಸ್ವಿಗೆ ಕೊಲೆಗಾರನಿಗಿಂತ ಊರು ಮುಖ್ಯ.

ಹೊಸಬರಲ್ಲಿ ಅನುಷ್ ಶೆಟ್ಟಿ ಅವರನ್ನು ನೋಡಿ. ‘ಆಹುತಿ’, ‘ನೀನು ನಿನ್ನೊಳಗೆ ಖೈದಿ’ ಇಂಥವು ಕಾಲೇಜು ಹುಡುಗರ ಕೈಯಲ್ಲೂ ಓಡಾಡುತ್ತವೆ. ನಿಜ ಲೋಕದ್ದು ಬೇಕು ಅಂದರೆ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಇದೆ. ಬೆಂಗಳೂರಿನ ಭೂಗತ ಲೋಕವನ್ನು ಒಳಗಿದ್ದವರೇ ಹೇಳಿದ್ದು. ಬರೆದವರ ಕಡೆಯ ಕಥೆ ಅದು ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಬೇಕು.

ಪಾವಗಡ, ಮಧುಗಿರಿ ಕಡೆ ತೆಲುಗು ಓದಬಲ್ಲವರು ಬಹಳ ಜನ ಇದ್ದೀರಿ. ನಿಮಗೆ ಯಂಡಮೂರಿ ವೀರೇಂದ್ರನಾಥ್ ಮೂಲದಲ್ಲೇ ಸಿಗುತ್ತಾರೆ, ಉಳಿದವರಿಗೆ ಕನ್ನಡ ಅನುವಾದ ಇದೆ. ಅವರದ್ದು ಪತ್ತೇದಾರಿಗಿಂತ ಭಯ, ಮಾಟ ಮಂತ್ರ, ಥ್ರಿಲ್ಲರ್ ಕಡೆ ಜಾಸ್ತಿ. ರಾತ್ರಿ ಒಬ್ಬರೇ ಇದ್ದಾಗ ಬೇಡ.

ಹಂತ 6: ತುಮಕೂರಿನಲ್ಲಿ ಪುಸ್ತಕ ಹುಡುಕುವುದು

ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯ. ನಿಮ್ಮ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ ಶೇ. 6 ಕಟ್ಟುತ್ತಿದ್ದೀರಿ, ಉಪಯೋಗಿಸಿಕೊಳ್ಳಿ. ವಿಳಾಸದ ದಾಖಲೆ ಮತ್ತು ಸಣ್ಣ ಠೇವಣಿ ಕೊಟ್ಟರೆ ಸದಸ್ಯರಾಗಬಹುದು. ಸೋಮವಾರ ಹೋಗಬೇಡಿ, ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಅವತ್ತು ರಜೆ. ಪತ್ತೇದಾರಿ ಅಂತ ಬೇರೆ ಕಪಾಟು ಇರುತ್ತದೆ ಅಂದುಕೊಳ್ಳಬೇಡಿ, ಲೇಖಕರ ಹೆಸರು ಬರೆದುಕೊಂಡು ಹೋಗಿ ಕಾದಂಬರಿ ಸಾಲಿನಲ್ಲಿ ಹುಡುಕಿ. ಹಳ್ಳಿಯಲ್ಲಿ ಇರುವವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೇಳಿ. ಫೋನಿನಲ್ಲಿ ಓದುವವರಿಗೆ ರಾಜ್ಯ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ ಪುಕ್ಕಟೆ ಇದೆ, ದುಡ್ಡು ಕೊಟ್ಟು ಓದಲು, ಕೇಳಲು ಮೈಲ್ಯಾಂಗ್ ಆ್ಯಪ್ ಇದೆ.

ಹಳೆ ಪುಸ್ತಕ ಬೇಕಾದರೆ ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆ ಸುತ್ತಿ, ಮೆಜೆಸ್ಟಿಕ್‌ನಿಂದ ಬಹಳ ದೂರ ಇಲ್ಲ. ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಕೊನೆಯ ಹಾಳೆಗಳು ಇವೆಯೇ ಅಂತ ಪುಟದ ನಂಬರ್ ಮಾತ್ರ ನೋಡಿ, ಸಾಲು ಓದಬೇಡಿ. ಹಳೆ ಪಾಕೆಟ್ ಕಾದಂಬರಿಗಳಲ್ಲಿ ಮೊದಲು ಉದುರುವುದೇ ಕೊನೆ ಹಾಳೆ. ಇನ್ನು ಕೆಲವು ಮನೆಗಳಲ್ಲಿ ಸುಧಾ, ತರಂಗದಲ್ಲಿ ಬಂದ ಧಾರಾವಾಹಿಗಳನ್ನು ವಾರ ವಾರ ಕತ್ತರಿಸಿ ಬೈಂಡ್ ಮಾಡಿಸಿ ಇಟ್ಟಿರುತ್ತಾರೆ. ಅಂಥದ್ದು ಕೈಗೆ ಸಿಕ್ಕರೆ ಬಿಡಲೇಬೇಡಿ, ಆದರೆ ಕಂತಿನ ನಂಬರ್ ಸಾಲಾಗಿ ಇದೆಯಾ ಅಂತ ನೋಡಿಕೊಳ್ಳಿ. ಬೈಂಡಿಂಗಿನವರು ಎಂಟನೇ ಕಂತಾದ ಮೇಲೆ ಹತ್ತನೆಯದನ್ನು ಹೊಲಿದು, ಒಂಬತ್ತನೆಯದನ್ನು ಕೊನೆಗೆ ಹಾಕಿರುವುದೂ ಉಂಟು.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುವ ಪಿಡಿಎಫ್ ಬಗ್ಗೆ ಎಲ್ಲರೂ ಕೇಳುತ್ತೀರಿ. ನಿಯಮ ಸುಲಭ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಇರುತ್ತದೆ. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ಹಾಗಾಗಿ ಅವರ ಇಂಗ್ಲಿಷ್ ಮೂಲ ಎಲ್ಲರದ್ದು. ಅಗಾಥಾ ಕ್ರಿಸ್ಟಿ 1976ರಲ್ಲಿ, ಹಾಗಾಗಿ 2036 ಮುಗಿಯುವ ತನಕ ಇಲ್ಲ. ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ ಇರುತ್ತದೆ, ಮೂಲ ಪುಕ್ಕಟೆ ಆದ ಮಾತ್ರಕ್ಕೆ ಕನ್ನಡದ್ದೂ ಪುಕ್ಕಟೆ ಆಗುವುದಿಲ್ಲ. ಈಗ ಬರೆಯುತ್ತಿರುವ ಕನ್ನಡದ ಲೇಖಕರ ಪುಸ್ತಕದ ಪಿಡಿಎಫ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಸಾವಿರ ಪ್ರತಿ ಖರ್ಚಾಗುವುದೇ ಕಷ್ಟ ಇರುವಾಗ ಒಂದು ಪಿಡಿಎಫ್ ಅವರ ಮುಂದಿನ ಪುಸ್ತಕವನ್ನೇ ನಿಲ್ಲಿಸಬಹುದು.

ಹಂತ 7: ಹೊಸದು ಏನು ಬಂತು ಅಂತ ತಿಳಿಯುವುದು

ಭಾನುವಾರದ ಪುರವಣಿಗಳು, ಕನ್ನಡ ಪುಸ್ತಕಗಳ ಜಾಲತಾಣ ಬುಕ್ ಬ್ರಹ್ಮ, ಪ್ರಕಾಶಕರ ಪುಟಗಳು, ಇಷ್ಟು ನೋಡುತ್ತಿದ್ದರೆ ಕನ್ನಡದ್ದು ತಪ್ಪುವುದಿಲ್ಲ. ನವೆಂಬರ್‌ನಲ್ಲಿ ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ, ಪಟ್ಟಿ ಅಕ್ಟೋಬರ್‌ನಲ್ಲೇ ಮಾಡಿಟ್ಟುಕೊಳ್ಳಿ. ಹೊರಗಿನದ್ದಕ್ಕೆ ಎರಡು ಪ್ರಶಸ್ತಿಗಳ ಪಟ್ಟಿ ಸಾಕು: ಅಮೆರಿಕದ ಎಡ್ಗರ್, ಬ್ರಿಟನ್ನಿನ ಡ್ಯಾಗರ್. ಡ್ಯಾಗರ್‌ನಲ್ಲಿ ಅನುವಾದಿತ ಕಾದಂಬರಿಗೆ ಅಂತಲೇ ಒಂದು ವಿಭಾಗ ಇದೆ. ಜಪಾನ್, ಸ್ವೀಡನ್, ಫ್ರಾನ್ಸಿನ ಒಳ್ಳೆಯ ಹೆಸರುಗಳು ನಮಗೆ ಸಿಗುವುದು ಅಲ್ಲಿಂದ.

ಒಂದು ಅಪಾಯ ಇಲ್ಲಿದೆ, ಅದು ನಮ್ಮ ಕನ್ನಡ ಪುಸ್ತಕಗಳಲ್ಲೇ ಜಾಸ್ತಿ: ಮುನ್ನುಡಿ. ನಮ್ಮ ಹಿರಿಯರು ಪ್ರೀತಿಯಿಂದ ಹತ್ತು ಪುಟ ಮುನ್ನುಡಿ ಬರೆಯುತ್ತಾರೆ, ಆರನೇ ಪುಟದಲ್ಲಿ ಕಥೆಯ ಗುಟ್ಟು ಹೇಳಿಬಿಟ್ಟಿರುತ್ತಾರೆ. ಪತ್ತೇದಾರಿ ಪುಸ್ತಕದ ಮುನ್ನುಡಿಯನ್ನು ಕೊನೆಗೆ ಓದಿ, ಹಿಂಬದಿಯ ಬೆನ್ನುಡಿಯನ್ನೂ ಅಷ್ಟೇ. ಪ್ರಕಾಶಕರಿಗೂ ಒಂದು ಕೋರಿಕೆ, ಅದನ್ನೇ ಹಿನ್ನುಡಿ ಮಾಡಿ ಕೊನೆಗೆ ಹಾಕಿಬಿಡಿ.

ಹಂತ 8: ಮೊದಲ ಐದು ಪುಸ್ತಕದ ಕ್ರಮ

ಇಷ್ಟು ಹೇಳಿದ ಮೇಲೂ ‘ನೀವೇ ಪಟ್ಟಿ ಕೊಡಿ’ ಅನ್ನುವವರು ಇರುತ್ತೀರಿ, ಕೊಡುತ್ತೇನೆ. ಮೊದಲು ಹೋಮ್ಸ್ ಸಣ್ಣ ಕಥೆಗಳ ಒಂದು ಸಂಕಲನ. ಆಮೇಲೆ ನರಸಿಂಹಯ್ಯ ಅವರದ್ದು, ಕೈಗೆ ಯಾವುದು ಸಿಗುತ್ತದೋ ಅದು. ಮೂರನೆಯದು ‘ಜುಗಾರಿ ಕ್ರಾಸ್’. ನಾಲ್ಕನೆಯದು ಕ್ರಿಸ್ಟಿಯ 1939ರ ‘ಆ್ಯಂಡ್ ದೆನ್ ದೇರ್ ವರ್ ನನ್’, ಹತ್ತು ಜನ, ಒಂದು ದ್ವೀಪ, ಒಬ್ಬೊಬ್ಬರಾಗಿ ಸಾಯುತ್ತಾರೆ, ಹೊರಗಿನವರು ಯಾರೂ ಇಲ್ಲ. ಇದನ್ನು ಓದುವಾಗ ಹತ್ತೂ ಹೆಸರನ್ನು ಕಾಗದದ ಮೇಲೆ ಬರೆದುಕೊಳ್ಳಿ, ಇಲ್ಲದಿದ್ದರೆ ಮೂರನೇ ಸಾವಿನ ಹೊತ್ತಿಗೆ ಗೊಂದಲ ಆಗುತ್ತದೆ.

ಐದನೆಯದು ಅವರದ್ದೇ 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’. ಇದನ್ನು ಮಾತ್ರ ಮೊದಲು ಓದಬೇಡಿ. ಸಿನಿಮಾ ಹುಡುಕಬೇಡಿ, ವಿಮರ್ಶೆ ನೋಡಬೇಡಿ, ಓದಿದವರ ಹತ್ತಿರ ಮಾತಿಗೂ ಕೂರಬೇಡಿ. ಮೇಲಿನ ನಾಲ್ಕು ಮುಗಿದ ಮೇಲೆ, ಎರಡು ದಿನ ರಜೆ ಇರುವಾಗ ಕೈಗೆತ್ತಿಕೊಳ್ಳಿ, ಮುಗಿದ ತಕ್ಷಣ ಮೊದಲ ಅಧ್ಯಾಯಕ್ಕೆ ವಾಪಸ್ ಹೋಗಿ ಸಾಲು ಸಾಲಾಗಿ ಮತ್ತೆ ಓದಿ. ಯಾವ ಸಾಲಿನಲ್ಲಿ ಏನಿತ್ತು ಅಂತ ಆಗ ಗೊತ್ತಾಗುತ್ತದೆ. ಅದಾದ ಮೇಲೆ ನನಗೆ ಬರೆಯಿರಿ, ಎಷ್ಟನೇ ಅಧ್ಯಾಯದಲ್ಲಿ ಅನುಮಾನ ಬಂತು ಅಂತ. ಹೆಸರು ಮಾತ್ರ ಬರೆಯಬೇಡಿ, ಇನ್ನೂ ಓದದವರೂ ಇದ್ದಾರೆ.